ತಾಂಡೇಲ ಉಣ್ಣದ ಗಂಜಿ

ಬಚ್ಚ ಬಿದ್ದ ಸದ್ದಿಗಿಂತ ಅವನ ಕೈಯಲ್ಲಿದ್ದ ಕ್ಯಾರಿಯರ್ ಬಿದ್ದ ಸದ್ದೇ ದೊಡ್ಡದಾಗಿ ಕೇಳಿಸಿತು.

ನಾನು ಆಗಷ್ಟೇ ಆಸ್ಪತ್ರೆಯ ಗೇಟಿನ ಹತ್ತಿರ ರಿಕ್ಷಾದಿಂದ ಇಳಿಯುತ್ತಿದ್ದೆ. ಕ್ಯಾರಿಯರಿನ ಮುಚ್ಚಳ ಕಳಚಿ ಉರುಳಿಕೊಂಡು ನನ್ನ ಕಾಲ ಬಳಿ ಬಂದು ಬಿತ್ತು. ಬಗ್ಗಿ ನೋಡಿದರೆ ಕ್ಯಾರಿಯರಿನ ಒಳಗೆ ಏನೂ ಇರಲಿಲ್ಲ. ಅಂಚಿಗೆ ಕುಚ್ಚಲಕ್ಕಿ ಗಂಜಿಯ ಕೆಂಪು ತಿಳಿ ಒಂದಿಷ್ಟು ಅಂಟಿಕೊಂಡಿತ್ತು, ಅಷ್ಟೇ.

ವಾಚ್‌ಮನ್ ನೀರು ತಂದು ಮುಖಕ್ಕೆ ಚಿಮುಕಿಸಿದ. ಬಚ್ಚ ಕಣ್ಣು ಬಿಟ್ಟು ಮೊದಲು ಹುಡುಕಿದ್ದು ಕ್ಯಾರಿಯರನ್ನು. ತುಟಿ ಒಡೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಹೊಟ್ಟೆಗಿಲ್ಲದೆ ತಲೆ ತಿರುಗಿ ಬಿದ್ದವರನ್ನು ಪೊಲೀಸ್ ಕೆಲಸದಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ, ಗುರುತು ಹಿಡಿಯಲು ಡಾಕ್ಟರು ಬೇಡ.

ಆದರೆ ಇವನು ದಿನಾ ಗಂಜಿ ಹೊತ್ತುಕೊಂಡು ಬರುವವನು. ದಿನಾ ಖಾಲಿ ಕ್ಯಾರಿಯರ್ ಹಿಡಿದು ಗಂಗೊಳ್ಳಿಗೆ ಹಿಂದಿರುಗುವವನು. ಅವನೇ ಉಪವಾಸವಿದ್ದರೆ ಆ ಗಂಜಿ ಯಾರ ಹೊಟ್ಟೆಗೆ ಹೋಗುತ್ತಿದೆ?

ಭಾನುವಾರದಿಂದ ನಾನು ಹುಡುಕುತ್ತಿದ್ದದ್ದೂ ಇದನ್ನೇ. ಮೇಲೆ ಐಸಿಯುವಿನಲ್ಲಿ ಎಚ್ಚರವಿಲ್ಲದೆ ಮಲಗಿರುವ ಯತೀಶನ ಮೂಗಿನ ನಳಿಕೆಗೆ ಕದ್ದು ಗಂಜಿ ಸುರಿದು, ಅವನನ್ನು ಸಾವಿನ ಬಾಗಿಲವರೆಗೆ ಕಳಿಸಿದ ಕೈ ಯಾರದು? ಉತ್ತರ ನನ್ನ ಕಾಲ ಬುಡದಲ್ಲೇ ಬಿದ್ದಿತ್ತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಯತೀಶನಿಗಾಗಿ ಕಾಯುತ್ತಿದ್ದವನು ಅವನ ಬೋಟಿನವನಾದ ಈ ಬಚ್ಚ ಒಬ್ಬನೇ.

ಯತೀಶ ಗಂಗೊಳ್ಳಿಯ ತಾಂಡೇಲ, ಎಂದರೆ ಮೀನಿನ ಬೋಟು ನಡೆಸುವ ಯಜಮಾನ. ಮದುವೆಯಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಗೆ ಹೋಗುವುದನ್ನೂ ಕಡಿಮೆ ಮಾಡಿದ್ದನಂತೆ. ಕಡಲಿನಲ್ಲಿ ಅವನ ಅಂಗೈಗೆ ತೇಡೆ ಮೀನಿನ ಮುಳ್ಳು ಚುಚ್ಚಿತು. ಮೀನುಗಾರರಿಗೆ ಅದೇನು ದೊಡ್ಡ ಸಂಗತಿಯಲ್ಲ, ಆದರೆ ಈ ಸಲ ಮುಳ್ಳಿನ ಜೊತೆ ಉಪ್ಪುನೀರಿನ ಯಾವುದೋ ಕೆಟ್ಟ ರೋಗಾಣು ಒಳಗೆ ಹೋಗಿ ನಂಜು ರಕ್ತಕ್ಕೇ ಏರಿತು. ಅಂಥ ಜ್ವರದಲ್ಲೂ ಅವನು ಮೂರು ದಿನ ಬೋಟನ್ನು ದಡಕ್ಕೆ ತರಲಿಲ್ಲ. ಯಾಕೆ ತರಲಿಲ್ಲ ಎಂಬುದು ಅವನಿಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ನಾಳೆ ಬೆಳಿಗ್ಗೆ ಮಂಪರಿನ ಔಷಧ ನಿಲ್ಲಿಸಿ ಅವನ ಗಂಟಲಿಗಿಟ್ಟ ಉಸಿರಾಟದ ಕೊಳವೆ ತೆಗೆಯುತ್ತಾರೆ, ಅವನು ಮಾತಾಡುತ್ತಾನೆ. ಅಲ್ಲಿಯವರೆಗೆ ಅವನ ಹೊಟ್ಟೆಗೆ ಇನ್ನೊಮ್ಮೆ ಯಾರೂ ಏನೂ ಸುರಿಯದಂತೆ ಕಾಯುವುದು ನನ್ನ ಕೆಲಸ.

ಈ ಕೆಲಸ ನನಗೆ ಅಂಟಿಸಿದವಳು ಡಾಕ್ಟರ್ ಶ್ರಾವ್ಯ, ಯತೀಶನನ್ನು ನೋಡಿಕೊಳ್ಳುತ್ತಿರುವ ಐಸಿಯು ಡಾಕ್ಟರು. ಕೋಟೇಶ್ವರದ ನನ್ನ ಮನೆಯ ಮಹಡಿಯಲ್ಲಿ ಎಂಟು ತಿಂಗಳಿನಿಂದ ಬಾಡಿಗೆಗಿದ್ದಾಳೆ. ದೂರು ಕೊಡಲು ಆಸ್ಪತ್ರೆಯವರಿಗೂ ಮನಸ್ಸಿರಲಿಲ್ಲ, ಯತೀಶನ ತಮ್ಮ ರತನನಿಗೂ ಮನಸ್ಸಿರಲಿಲ್ಲ. ಭಾನುವಾರ ಸಂಜೆ ಅವಳು ಬಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ನೀವು ರಿಟೈರ್ ಆದ ಸಬ್‌ಇನ್‌ಸ್ಪೆಕ್ಟರ್ ಅಲ್ಲವಾ, ಸುಮ್ಮನೆ ಕೂತು ಟಿವಿ ಬೈಯುವ ಬದಲು ನನಗೊಂದು ಉಪಕಾರ ಮಾಡಿ ಎಂದಳು.

ಗಂಜಿ ಹೊಟ್ಟೆಗೆ ಹೋದರೆ ಮನುಷ್ಯ ಸಾಯುವುದು ಹೇಗೆ ಎಂದು ನಾನು ಕೇಳಿದ್ದೆ. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ನಂಜಿನಿಂದ ಪ್ರೆಶರ್ ಪೂರಾ ಇಳಿದಾಗ ದೇಹ ಹೊಟ್ಟೆಯ ಪಾಲಿನ ರಕ್ತವನ್ನು ಕಡಿಮೆ ಮಾಡಿ ಮಿದುಳಿಗೆ, ಹೃದಯಕ್ಕೆ ಕೊಡುತ್ತದೆ. ಕರೆಂಟು ಸಾಲದಾದಾಗ ಐಸ್ ಪ್ಲಾಂಟಿನವರು ಉಳಿದ ದೀಪವೆಲ್ಲ ಆರಿಸಿ ಮೆಷಿನ್ ಒಂದನ್ನೇ ಓಡಿಸುತ್ತಾರಲ್ಲ, ಹಾಗೆ. ಪ್ರೆಶರ್ ಏರಿಸಲು ಕೊಡುವ ಔಷಧವೂ ಕರುಳಿನ ರಕ್ತನಾಳವನ್ನು ಇನ್ನಷ್ಟು ಹಿಂಡುತ್ತದೆ. ಆ ಹೊತ್ತಿಗೆ ಕರುಳು ಅರ್ಧ ಸತ್ತಂತೆ ಇರುತ್ತದೆ. ಔಷಧ ಇಳಿಸುತ್ತಾ ಬಂದು, ಪ್ರೆಶರ್ ನಿಂತ ಮೇಲೆ, ಆಸ್ಪತ್ರೆಯ ಆಹಾರವನ್ನೇ ಹನಿ ಹನಿಯಾಗಿ ಬಿಡಬೇಕು. ಅದು ಬಿಟ್ಟು ಒಂದೇ ಸಲ ಕ್ಯಾರಿಯರ್ ಗಂಜಿ ಸುರಿದರೆ ಹೊಟ್ಟೆ ಉಬ್ಬುತ್ತದೆ, ಪ್ರೆಶರ್ ಕುಸಿಯುತ್ತದೆ, ಕರುಳು ಕೊಳೆತು ಒಡೆದರೂ ಒಡೆಯಬಹುದು.

"ವಿಷ ಹಾಕುದೇ ಬ್ಯಾಡ ಪದ್ಮಕ್ಕ, ಅನ್ನವೇ ಸಾಕ್," ಎಂದಿದ್ದಳು.

ಆ ಮಾತು ಮೂರು ದಿನ ನನ್ನ ತಲೆಯಿಂದ ಇಳಿಯಲಿಲ್ಲ. ಭಾನುವಾರ ಅವನ ನಳಿಕೆಯಿಂದ ಹಿಂದಕ್ಕೆ ಎಳೆದದ್ದು ಕೆಂಪಗಿತ್ತು, ಕುಚ್ಚಲಕ್ಕಿಯದು. ಸೋಮವಾರದಿಂದ ನಾನೇ ಹೇಳಿ ಹೊರಗಿನವರು ಯಾರೂ ಒಳಗೆ ಹೋಗದಂತೆ ಮಾಡಿಸಿದೆ. ಯತೀಶ ಚೇತರಿಸಿಕೊಳ್ಳತೊಡಗಿದ.

ಶ್ರಾವ್ಯಳ ವಿಷಯ ಬಂದದ್ದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಒಂಟಿಯಾಗಿರುವುದು ನನಗೆ ಅಭ್ಯಾಸ ಎಂದು ಎಲ್ಲರ ಹತ್ತಿರ ಹೇಳುತ್ತೇನೆ. ಅದು ಸುಳ್ಳು. ಒಬ್ಬಳಿಗೇ ಅಡುಗೆ ಮಾಡುವುದು ಎಂಥ ಬೇಸರದ ಕೆಲಸ ಎಂದು ಮಾಡಿದವರಿಗೇ ಗೊತ್ತು. ಅವಳು ಬಂದ ಮೇಲೆ ನಾನು ಎರಡು ಪಾತ್ರೆ ಹೆಚ್ಚು ತೊಳೆಯುತ್ತೇನೆ, ಗೊಣಗುತ್ತೇನೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ. ಡಬ್ಬಿ ಕಟ್ಟಿಕೊಟ್ಟರೆ ತೊಳೆಯದೆ ಹಾಗೇ ವಾಪಸು ತರುತ್ತಾಳೆ. ಒಣಗಿ ಅಂಟಿದ್ದನ್ನು ಉಜ್ಜುತ್ತಾ ದಿನಾ ಬೈಯುತ್ತೇನೆ. ದೊಡ್ಡ ಡಾಕ್ಟರಮ್ಮ, ಒಂದು ಡಬ್ಬಿ ತೊಳೆಯಲು ಬಾರದು.

ಇವತ್ತು ಬೆಳಿಗ್ಗೆಯೂ ಹಾಗೇ ಬೈದೆ. ಗಂಟಲು ನೋವು, ಏನಾದರೂ ನುಣ್ಣಗೆ ಮಾಡಿ ಸೋಸಿ ಕೊಡಿ ಎಂದು ಕೇಳಿದಳು. ಬಿಳಿಯ ಬೆಳ್ತಿಗೆ ಅಕ್ಕಿಗೆ ಹುರಿದ ಮೆಂತೆ, ಕಾಯಿಹಾಲು ಹಾಕಿ ಮೆಂತೆ ಗಂಜಿ ಮಾಡಿ, ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಮಗುವಿಗೆ ಕಟ್ಟಿಕೊಟ್ಟ ಹಾಗೆ ಡಬ್ಬಿಯನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಯೂ ಕೊಟ್ಟೆ. ನನಗೆ ನಗು ಬಂತು, ಹಿತವೂ ಅನಿಸಿತು.

ಇರಲಿ. ಬಚ್ಚನನ್ನು ಎಬ್ಬಿಸಿ ಎದುರಿನ ಕ್ಯಾಂಟೀನಿಗೆ ನಡೆಸಿಕೊಂಡು ಹೋಗುವಾಗ ಪೋರ್ಚಿನಲ್ಲಿ ರತನ್ ನಿಂತಿದ್ದ. ಬೋಟು ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿದೆ. ಬಚ್ಚ ನನ್ನ ತೋಳು ಹಿಡಿದದ್ದು ನೋಡಿ ಅವನ ಮುಖ ಬಿಗಿಯಿತು. ಭಾನುವಾರ ನಿಮ್ಮ ಪಾಲಿನ ಭೇಟಿಗೆ ಇವನನ್ನು ಒಳಗೆ ಕಳಿಸಿದ್ದು ನೀವೇ ಅಲ್ಲವೇ ಎಂದು ಕೇಳಿದೆ. ಹೌದೆಂದ. ಅಣ್ಣನ ಮೈತುಂಬ ನಳಿಕೆ ನೋಡಿದರೆ ಕೈಕಾಲು ನಡುಗುತ್ತದೆ, ಅದಕ್ಕೇ ಕಳಿಸಿದೆ ಎಂದ. ನಾಳೆ ಅಣ್ಣ ಮಾತಾಡುತ್ತಾನೆ, ಆಗಲಾದರೂ ಬನ್ನಿ ಎಂದೆ. ಅವನು ಫೋನು ಕಿವಿಗೆ ಹಚ್ಚಿಕೊಂಡು ಆಚೆ ಹೋದ. ಫೋನು ಬಡಿದದ್ದು ನನಗಂತೂ ಕೇಳಿಸಲಿಲ್ಲ.

ಕ್ಯಾಂಟೀನಿನಲ್ಲಿ ಊಟದ ಹೊತ್ತು ಮುಗಿದಿತ್ತು. ಒಂದು ಬಟ್ಟಲು ಗಂಜಿ, ಚಟ್ನಿ ತರಿಸಿ ಬಚ್ಚನ ಮುಂದಿಟ್ಟೆ. ಅವನು ಅದನ್ನು ನೋಡಿದ, ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಉಣ್ಣ್, ಬಚ್ಚ."

"ಬ್ಯಾಡ ಅಮ್ಮ."

"ಎಂತಕ್ಕೆ?"

"ತಾಂಡೇಲ್ರ್ ಉಣ್ಲಿಲ್ಲ."

ಉಳಿದದ್ದನ್ನು ನಾನು ಒಂದೊಂದಾಗಿ ಎಳೆಯಬೇಕಾಯಿತು. ಬಚ್ಚ ಆ ಬೋಟಿನ ಅಡುಗೆಯವನು. ತಾಂಡೇಲನ ಬಟ್ಟಲಿಗೆ ಮೊದಲು ಬಡಿಸದೆ ಉಳಿದವರಿಗೆ ಸೌಟು ಎತ್ತಬಾರದು ಎಂಬುದು ಅವರ ಬೋಟಿನಲ್ಲಿ ಮೊದಲಿನಿಂದ ಬಂದ ಕಟ್ಟು. ಬೋಟಿನಲ್ಲಿ ದುಡಿಯುವ ಉಳಿದ ಕಲಾಸಿಗಳು ದಡಕ್ಕೆ ಬಂದ ಮೇಲೆ ಅದನ್ನು ಮರೆತು ಅವರವರ ಮನೆಯಲ್ಲಿ ಉಂಡರು. ಬಚ್ಚನಿಗೆ ದಡದಲ್ಲಿ ಮನೆಯಿಲ್ಲ. ಮಲಗುವುದೂ ಅಡುಗೆ ಮಾಡುವುದೂ ಕಟ್ಟಿಹಾಕಿದ ಆ ಬೋಟಿನಲ್ಲೇ. ತಾಂಡೇಲ ಮಲಗಿದಂದಿನಿಂದ ಅವನು ಬದುಕಿದ್ದದ್ದು ಬರೀ ಚಹಾದ ಮೇಲೆ.

ಇಂಥ ಮನುಷ್ಯನನ್ನು ಪ್ರಶ್ನೆ ಮಾಡುವುದು ನನಗೂ ಕಷ್ಟವೇ. ಆದರೂ ಕೇಳಿದೆ.

"ಭಾನುವಾರ ಮೂಗಿನ ನಳಿಕೆಗೆ ಗಂಜಿ ಹಾಕಿದ್ದ್ ನೀನಾ?"

"ಹೌದ್. ನಾನೇ."

ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ. ಕೇಳಲು ಇಷ್ಟು ದಿನ ಯಾಕೆ ಬೇಕಾಯಿತು ಎಂಬಂತೆ ನನ್ನನ್ನು ನೋಡಿದ.

"ಒಳ್ಗ್ ನರ್ಸಮ್ಮ ಹೇಳ್ತಾ ಇದ್ದಿದ್ರ್, ಪ್ರೆಶರ್ ಇಳ್ದಿತ್ ಅಂದ್. ಕಡ್ಲಲ್ ಯಾರಿಗಾರೂ ಬಿಸ್ಲಿಗ್ ತಲೆ ತಿರ್ಗಿ ಪ್ರೆಶರ್ ಇಳ್ದ್ರೆ, ಗಂಜಿ ತಿಳಿಗ್ ಉಪ್ಪ್ ಹಾಕಿ ಕುಡ್ಸುದ್ ನಾನೇ. ಎಷ್ಟ್ ಜನ ಎದ್ದ್ ಕೂತಿರ್. ಇಷ್ಟ್ ದೊಡ್ಡ ಆಸ್ಪತ್ರಿಯಂಗೆ ಅವ್ರಿಗೆ ಒಬ್ರೂ ಒಂದ್ ಗುಟ್ಕ್ ಗಂಜಿ ಕೊಡುದ್ ಕಾಣ್ಲಿಲ್ಲೆ ನಾನ್."

ನರ್ಸ್ ಔಷಧ ಹಾಕಲು ಬಳಸಿದ ಸಿರಿಂಜು ಮಂಚದ ಪಕ್ಕದಲ್ಲೇ ಇತ್ತಂತೆ. ಆಚೆ ಮಂಚದಲ್ಲಿ ಯಾರಿಗೋ ಕಾಯಿಲೆ ಜೋರಾಗಿ ಎಲ್ಲರೂ ಅತ್ತ ಓಡಿದ್ದರು. ಬೋಟಿನ ಇಂಜಿನ್ನಿಗೆ ಎಣ್ಣೆ ಎರೆದು ಪಳಗಿದ ಕೈ. ಚೆಲ್ಲದೆ, ಅವಸರ ಮಾಡದೆ, ಕ್ಯಾರಿಯರ್ ಪೂರ್ತಿ ಎರೆದಿದ್ದ.

ನಾನು ಶ್ರಾವ್ಯ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಹೇಳದೆ ಬಿಡಬಹುದಿತ್ತು. ಆದರೆ ಈ ಅಮಾಯಕ ಇನ್ನೊಮ್ಮೆ ಪ್ರೀತಿಯಿಂದ ಕೊಂದುಬಿಟ್ಟರೆ ಏನು ಮಾಡುವುದು? ಬಿಸಿಲಿಗೆ ಇಳಿಯುವ ಪ್ರೆಶರ್ ಬೇರೆ, ನಂಜಿಗೆ ಇಳಿಯುವ ಪ್ರೆಶರ್ ಬೇರೆ ಎಂದೆ. ಆ ಗಂಜಿಯಿಂದ ಏನಾಯಿತು ಎಂದೂ ಹೇಳಿದೆ. ಅವನು ತನ್ನ ಎರಡೂ ಕೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡ.

"ನಾನ್ ಕೊಂದ್‌ಹಾಕ್ದ್ನಾ ಅಮ್ಮ?"

"ಇಲ್ಲ. ಬದ್ಕಿದ್ರ್. ನಾಳೆ ಮಾತಾಡ್ತ್ರ್."

ಅವನು ಅತ್ತ. ನನ್ನ ಕಣ್ಣೂ ಒದ್ದೆಯಾಯಿತು. ನನಗೆ ಕಾಯಿಲೆ ಬಂದು ಮಲಗಿದರೆ ಹೀಗೆ ಉಪವಾಸ ಕೂರುವವರು ಯಾರಿದ್ದಾರೆ ಎಂದು ಯೋಚಿಸಿದೆ. ಒಂದು ಹೆಸರು ನೆನಪಿಗೆ ಬಂತು, ಸಮಾಧಾನವಾಯಿತು.

ಸೋಮವಾರದಿಂದ ಒಳಗೆ ಬಿಡುತ್ತಿಲ್ಲವಲ್ಲ, ಗಂಜಿ ಏನು ಮಾಡುತ್ತೀ ಎಂದು ಕೇಳಿದೆ. ಗೇಟಿನ ಹತ್ತಿರ ಸಂಜೆವರೆಗೆ ಕಾದು, ಕರೆಯದಿದ್ದರೆ ಹೊಳೆಗೆ ಬಿಡುತ್ತಾನಂತೆ. ಇವತ್ತು ನಿಲ್ಲಲು ತ್ರಾಣವಿಲ್ಲದೆ ಮಧ್ಯಾಹ್ನವೇ ಬಿಟ್ಟು ಬಂದನಂತೆ. ತಾಂಡೇಲನ ಪಾಲನ್ನು ಬೇರೆಯವರು ಉಣ್ಣುವ ಹಾಗಿಲ್ಲ.

ಅಲ್ಲಿಗೆ ಕೇಸು ಮುಗಿಯಿತು ಎಂದುಕೊಂಡೆ. ಅಪರಾಧಿ ಇಲ್ಲ, ಒಂದು ತಪ್ಪು ಇದೆ. ಶ್ರಾವ್ಯಳಿಗೆ ಹೇಳಿದರೆ ಅವಳೂ ನಿಟ್ಟುಸಿರು ಬಿಡುತ್ತಾಳೆ. ಸುಮ್ಮನೆ ಕೊನೆಗೊಂದು ಪ್ರಶ್ನೆ ಕೇಳಿದೆ. ಅಷ್ಟು ಜ್ವರವಿದ್ದರೂ ತಾಂಡೇಲ ಬೋಟು ದಡಕ್ಕೆ ಯಾಕೆ ತಿರುಗಿಸಲಿಲ್ಲ?

ಬಚ್ಚ ಮುಖ ಒರೆಸಿಕೊಂಡ.

"ತಿರ್ಗ್ಸುಕೆ ಹೊರ್ಟಿದ್ರ್. ಸಿಗ್ನಲ್ ಸಿಕ್ಕದಲ್ಲಿ ಡಾಕ್ಟ್ರಿಗ್ ಫೋನ್ ಮಾಡಿದ್ರ್. ಎಂತ ಆತಿಲ್ಲ, ಜ್ವರದ್ ಮಾತ್ರೆ ತಿನ್ನಿ, ಬಪ್ಪುದ್ ಬ್ಯಾಡ ಅಂದ್ ಹೇಳ್ರ್ ಅಂಬ್ರ್."

"ಯಾವ ಡಾಕ್ಟ್ರ್?"

"ಹೆಸ್ರ್ ಗೊತ್ತಿಲ್ಲೆ. ಡಾಕ್ಟ್ರಮ್ಮ ಅಂತಿದ್ರ್. ನಾನ್ ಹತ್ರ ಇದ್ದಿದ್ದೆ, ಹೆಣ್ಣಿನ್ ಸ್ವರ."

ಯತೀಶನ ಫೋನು ಕಡಲಿಗೆ ಬಿದ್ದುಹೋಗಿದೆ ಎಂದು ರತನ್ ಹೇಳಿದ್ದ. ಹಾಗಾದರೆ ಆ ಹೆಣ್ಣು ಡಾಕ್ಟರು ಯಾರೆಂದು ಹೇಳಬಲ್ಲವನು ಯತೀಶ ಒಬ್ಬನೇ, ಅದೂ ನಾಳೆ. ಹೇಳಿದರೆ ಆ ಡಾಕ್ಟರಿನ ಕೆಲಸವೇ ಹೋಗುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆಣ್ಣು ಡಾಕ್ಟರುಗಳು ಎಷ್ಟಿಲ್ಲ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವ ಅಗತ್ಯವೇನಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ.

ಆಗಲೇ ನನ್ನ ಫೋನು ಬಡಿಯಿತು. ಐಸಿಯುವಿನ ನರ್ಸ್ ವನಜ. ಏನಾದರೂ ಹೆಚ್ಚುಕಡಿಮೆಯಾದರೆ ನನಗೆ ತಿಳಿಸು ಎಂದು ಅವಳಿಗೆ ಮೊದಲೇ ಹೇಳಿದ್ದೆ.

"ಅಮ್ಮ, ಬೇಗ ಬನ್ನಿ. ಯತೀಶಂದ್ ಹೊಟ್ಟೆ ಮತ್ತೆ ಉಬ್ಬಿತ್. ಪ್ರೆಶರ್ ಬೀಳ್ತಾ ಇತ್ತ್."

ಬಚ್ಚ ನನ್ನ ಎದುರೇ ಕುಳಿತಿದ್ದ. ಖಾಲಿ ಕ್ಯಾರಿಯರ್ ಮೇಜಿನ ಮೇಲಿತ್ತು. ರತನ್ ರಸ್ತೆಯಾಚೆ ಇನ್ನೂ ಫೋನಿನಲ್ಲಿ ಮಾತಾಡುತ್ತಲೇ ಇದ್ದ. ಹೊರಗಿನವರು ಯಾರೂ ಒಳಗೆ ಹೋಗಿಲ್ಲ, ಹೋಗಲು ನಾನು ಬಿಟ್ಟಿಲ್ಲ.

ರಸ್ತೆ ದಾಟಿ ಮೆಟ್ಟಿಲು ಹತ್ತುವಾಗ ಮಂಡಿ ನೋವು ಲೆಕ್ಕಕ್ಕೆ ಬರಲಿಲ್ಲ. ಇದು ಬಚ್ಚನದಲ್ಲ. ಯಾರೋ ಅವನ ತಪ್ಪನ್ನು ನೋಡಿ, ಅದೇ ದಾರಿ ಹಿಡಿದಿದ್ದಾರೆ. ಯತೀಶ ಇವತ್ತು ಸತ್ತರೆ ಎಲ್ಲರೂ ಬಚ್ಚನ ಕ್ಯಾರಿಯರನ್ನೇ ತೋರಿಸುತ್ತಾರೆ. ನಾನೇ ತೋರಿಸುತ್ತಿದ್ದೆ, ಅವನು ಇವತ್ತು ನನ್ನ ಕಣ್ಣೆದುರು ಕುಳಿತಿರದಿದ್ದರೆ.

ಐಸಿಯುವಿನಲ್ಲಿ ಯತೀಶನ ಮಂಚದ ಸುತ್ತ ಪರದೆ ಎಳೆದಿತ್ತು. ಅವನ ಹೊಟ್ಟೆ ಹೊದಿಕೆಯನ್ನು ಎತ್ತಿ ನಿಂತಿತ್ತು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಡ್ಯೂಟಿಯಲ್ಲಿದ್ದ ಇನ್ನೊಬ್ಬ ಡಾಕ್ಟರು ಪ್ರೆಶರಿನ ಔಷಧ ಏರಿಸುತ್ತಾ ಸರ್ಜನ್ನಿಗೆ ಫೋನು ಮಾಡಿಸುತ್ತಿದ್ದರು. ಬದುಕುತ್ತಾನಾ ಎಂದು ಕೇಳಿದೆ. ಈಗ ಕೇಳಬೇಡಿ ಎಂದರು.

ವನಜ ಮೂಗಿನ ನಳಿಕೆಗೆ ಸಿರಿಂಜು ಸಿಕ್ಕಿಸಿ ಹೊಟ್ಟೆಯಲ್ಲಿದ್ದದ್ದನ್ನು ಹಿಂದಕ್ಕೆ ಎಳೆದು ತಟ್ಟೆಗೆ ಬಿಡುತ್ತಿದ್ದಳು. ನಾನು ಕೆಂಪು ತಿಳಿಯನ್ನು ಕಾಯುತ್ತಿದ್ದೆ.

ಅದು ಕೆಂಪಗಿರಲಿಲ್ಲ. ಹಾಲಿನ ಹಾಗೆ ಬೆಳ್ಳಗಿತ್ತು. ಒಂದು ಅಗುಳೂ ಇಲ್ಲದೆ ನುಣ್ಣಗಿತ್ತು.

ಆಸ್ಪತ್ರೆಯ ಆಹಾರ ಇರಬಹುದೇ ಎಂದು ಬಗ್ಗಿದೆ. ಹೊಟ್ಟೆಯ ಹುಳಿ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಹುರಿದ ಮೆಂತೆಯದು.

ಬೆಳಿಗ್ಗೆ ನನ್ನ ಸೆರಗಿಗೆ ಹತ್ತಿದ ಅದೇ ವಾಸನೆ ಆಗಲೂ ನನ್ನ ಮೈಮೇಲೆ ಇತ್ತು. ಅದಕ್ಕೇ ಹಾಗನಿಸಿತು ಎಂದು ಸೆರಗನ್ನು ಮೂಗಿನಿಂದ ದೂರ ಹಿಡಿದು ಮತ್ತೆ ಬಗ್ಗಿದೆ. ಮೆಂತೆಯೇ. ನಾನು ಹುರಿದದ್ದು, ನಾನು ಅರೆದದ್ದು, ನಾನು ಬಟ್ಟೆಯಲ್ಲಿ ಸೋಸಿದ್ದು.

"ಎಂತ ಅಮ್ಮ ಇದ್?" ವನಜ ಕೇಳಿದಳು.

ಗೊತ್ತಿಲ್ಲ ಎಂದೆ. ನನ್ನ ಕೆಲಸದ ಉದ್ದಕ್ಕೂ ಸಾಕ್ಷಿ ಮುಚ್ಚಿಟ್ಟವರನ್ನು ನಾನು ಬೈದಷ್ಟು ಇನ್ಯಾರನ್ನೂ ಬೈದಿಲ್ಲ. ಆ ತಟ್ಟೆಯನ್ನು ಚೆಲ್ಲದೆ ಮುಚ್ಚಿಡು ಎಂದು ಮಾತ್ರ ಅವಳಿಗೆ ಹೇಳಿದೆ.

ಪರದೆ ಸರಿಸಿ ಹೊರಗೆ ಬಂದಾಗ ಶ್ರಾವ್ಯ ಡಾಕ್ಟರುಗಳ ಕೋಣೆಯಿಂದ ಓಡುತ್ತಾ ಬರುತ್ತಿದ್ದಳು. ಮಲಗಿದ್ದವಳನ್ನು ಎಬ್ಬಿಸಿದ ಹಾಗೆ ಕೂದಲು ಕೆದರಿತ್ತು. ನನ್ನನ್ನು ಕಂಡು ನಿಂತಳು. ಡಬ್ಬಿಯ ಚೀಲ ನನ್ನ ಕೈಗಿತ್ತಳು. ಮಂಚದ ಕಡೆ ಹೋಗುತ್ತಲೇ, ದಿನಾ ಹೇಳುವ ದನಿಯಲ್ಲೇ ಹೇಳಿದಳು.

"ಗಂಜಿ ಲಾಯ್ಕ್ ಇದ್ದಿತ್ ಪದ್ಮಕ್ಕ. ಒಂದ್ ಹನಿ ಬಿಡ್ಲಿಲ್ಲೆ."

ಪರದೆ ಅವಳ ಹಿಂದೆ ಮುಚ್ಚಿಕೊಂಡಿತು. ಒಳಗೆ ಯತೀಶನಿದ್ದ.

ನಾನು ಚೀಲದಿಂದ ಡಬ್ಬಿ ತೆಗೆದೆ. ಮುಚ್ಚಳಕ್ಕೆ ಕೈ ಹಾಕಿದೆ. ಅಂಚಿನಲ್ಲಿ ಗಂಜಿ ಒಣಗಿ ಅಂಟಿರಲಿ ಎಂದು ಆ ಕ್ಷಣ ನಾನು ಬೇಡಿಕೊಂಡಷ್ಟು ಯಾವ ದೇವರ ಮುಂದೆಯೂ ಬೇಡಿಕೊಂಡಿಲ್ಲ.

ಡಬ್ಬಿ ಪಳಪಳ ಹೊಳೆಯುತ್ತಿತ್ತು. ಎಂಟು ತಿಂಗಳಲ್ಲಿ ಅವಳು ಅದನ್ನು ತೊಳೆದು ತಂದದ್ದು ಇದೇ ಮೊದಲು.